ಸಿರಿಂಜ್ ಜೆಸಿಬಿ ಕಿಟ್: ವಿಜ್ಞಾನ ಮೇಳಕ್ಕೆ ಆದೀತೇ?

ಕೇರಳದ ಶಾಲಾ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವದ ಹೊತ್ತಿಗೆ ಕಾಸರಗೋಡಿನ ಮಕ್ಕಳು ವರ್ಕಿಂಗ್ ಮಾಡೆಲ್ ವಿಭಾಗಕ್ಕೆಂದು ಕೊಳ್ಳುವ ಈ ಕಿಟ್, ನೀರು ತುಂಬಿದ ಸಿರಿಂಜ್ ಒತ್ತಿ ತೋಳು ಆಡಿಸುವ ಜೆಸಿಬಿ ಮಾದರಿಯದು. ಇದರಲ್ಲಿ 10 ಮಿ.ಲೀ.ನ ಎಂಟು ಸಿರಿಂಜ್, ಸಪೂರ ಟ್ಯೂಬ್, ಕತ್ತರಿಸಿದ ರಟ್ಟು ಇರುತ್ತದೆ. ಜೋಡಿಸುವುದು ಸುಲಭ. ಆದರೆ ಮುಖ್ಯ ಕೊರತೆ ಸಿರಿಂಜಿನಲ್ಲೇ ಇದೆ: ಎಲ್ಲವೂ ಒಂದೇ ಅಳತೆ. ಹಾಗಾಗಿ ಬಲ ದಾಟುತ್ತದೆ, ಹೆಚ್ಚುವುದಿಲ್ಲ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆ, ಹಾಗಾಗಿ ದೊಡ್ಡ ಪಿಸ್ಟನ್‌ನಲ್ಲಿ ಬಲ ಹೆಚ್ಚುತ್ತದೆ ಎನ್ನುವ ಪಾಸ್ಕಲ್ ನಿಯಮದ ಸ್ವಾರಸ್ಯವೇ ಕೈಬಿಟ್ಟುಹೋಗುತ್ತದೆ.

ಮೆಡಿಕಲ್ ಶಾಪಿನಿಂದ 5 ಮತ್ತು 20 ಮಿ.ಲೀ.ನ ಒಂದೊಂದು ಸಿರಿಂಜ್ ತಂದು ಮುಖ್ಯ ತೋಳಿಗೆ ಹಾಕಿ: ಕೈಯಿಂದ ಒತ್ತುವ ಕಡೆ ಸಣ್ಣದು, ತೋಳಿನ ಕಡೆ ದೊಡ್ಡದು. ಒಳವ್ಯಾಸ 12 ಮತ್ತು 19 ಮಿ.ಮೀ. ಇದ್ದರೆ ಬಲ ಸುಮಾರು 2.5 ಪಟ್ಟು, ಸಣ್ಣ ಪಿಸ್ಟನ್ ಅಷ್ಟೇ ಪಟ್ಟು ಹೆಚ್ಚು ದೂರ ಚಲಿಸಬೇಕು. ತೀರ್ಪುಗಾರರ ಮುಂದೆ ಸ್ಕೇಲ್ ಹಿಡಿದು ಇದನ್ನು ಅಳೆದೇ ತೋರಿಸಿ. ಚಾರ್ಟ್ ಓದಿ ಒಪ್ಪಿಸುವುದಕ್ಕಿಂತ ಇದು ಎಷ್ಟೋ ಮೇಲು.

ತೋಳು ಜಗ್ಗುತ್ತಿದ್ದರೆ ಒಳಗೆ ಗಾಳಿಯ ಗುಳ್ಳೆ ಇದೆ ಎಂದರ್ಥ. ಗಾಳಿ ಕುಗ್ಗುತ್ತದೆ, ನೀರು ಬಹುಮಟ್ಟಿಗೆ ಕುಗ್ಗುವುದಿಲ್ಲ. ಕುದಿಸಿ ಆರಿಸಿದ ನೀರಿನ ಬಕೆಟ್‌ನಲ್ಲಿ ಸಿರಿಂಜ್, ಟ್ಯೂಬ್ ಎರಡನ್ನೂ ಮುಳುಗಿಸಿ, ನೀರೊಳಗೇ ಜೋಡಿಸಿ. ಪಿಸ್ಟನ್ ಬಿಗಿಯಾದರೆ ತೆಂಗಿನೆಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ. ಒಂದು ಹನಿ ಗ್ಲಿಸರಿನ್ ಸಾಕು.

ನಮ್ಮ ಮಳೆಗಾಲದ ಥಂಡಿಗೆ ರಟ್ಟು ಬಾಗುತ್ತದೆ, ಪ್ಲೈವುಡ್ ವಾಸಿ. ಗ್ಲೂಗನ್ನಿನ ಅಂಟು ಸಿರಿಂಜಿನ ನುಣುಪು ಪ್ಲಾಸ್ಟಿಕ್‌ನಿಂದ ಕಳಚಿಕೊಳ್ಳುತ್ತದೆ, ಕೇಬಲ್ ಟೈ ಬಿಗಿಯಿರಿ. ಬಿಡಿ ಸಿರಿಂಜ್ ಎರಡು, ಒಂದು ಮೀಟರ್ ಟ್ಯೂಬ್ ಮೇಳಕ್ಕೆ ಜೊತೆಯಲ್ಲೇ ಇರಲಿ.

ಐದನೇ ತರಗತಿಯವರಿಗೆ ಕಿಟ್ ಇದ್ದ ಹಾಗೆಯೇ ಸಾಕು. ಹೈಸ್ಕೂಲಿನವರು ಬಿಡಿಭಾಗ ಕೊಂಡು ತಾವೇ ಮಾಡುವುದೇ ಸರಿ.