ಗಾದಿ ಹಿಂಜಿಸಾಕ ಕೊಟ್ಟಿದ್ದೆ, ಗಾದಿನೂ ಬಂತು ಅತ್ತಿ ಗಂಟೂ ಬಂತು

5ಕ್ಕ 4 ಸ್ಟಾರ್ ಕೊಟ್ಟೀನಿ. ರಾಯಚೂರಿನ್ಯಾಗ ಗಂಜ್ ಕಡಿ ಹೋಗೋ ದಾರ್ಯಾಗ ಐತಿ ಈ ಗಾದಿ ಅಂಗಡಿ, ಬೋರ್ಡ್ ಗೀರ್ಡ್ ಏನೂ ಇಲ್ಲ, ಶೆಟರ್ ಮುಂದ ಕೆಂಪು ಗೆರಿ ಗವಸಿನ ಬಟ್ಟಿ ನೇತಾಡ್ತಿರ್ತಾವ, ಒಳಗ ಮಷೀನ್ ಸಪ್ಪಳ, ಅರಳಿ (ಹತ್ತಿ) ಹಾರಿ ಅಂಗಡಿ ಚಾಚಾನ ಹುಬ್ಬು ಮೀಸಿ ಎಲ್ಲಾ ಬೆಳ್ಳಗಾಗಿರ್ತಾವ. ಹತ್ತಿ ಊರಾಗಿದ್ದೂ ಹಳಿ ಗಾದಿ ಬಿಚ್ಚಿ ಹಿಂಜಿ ಕೊಡೋರನ್ನ ಹುಡುಕಾಕ ನನಗ ಒಂದು ವಾರ ಹಿಡೀತು, ಎಲ್ಲಿ ಕೇಳಿದ್ರೂ ಫೋಮ್ ಗಾದಿ ತಗೊಳ್ರಿ ಮೇಡಂ ಅಂತಾರ.

ಆಗಿದ್ದು ಏನಂದ್ರ, ಹೋದ ದೀಪಾವಳಿಗೆ ಮನಿ ಸ್ವಚ್ಛ ಮಾಡಾಕ ಹತ್ತಿದ್ದೆ, ಅತ್ತಿ ಮಗಳ ಮನಿಗೆ ದೇವದುರ್ಗಕ್ಕ ಹೋಗಿದ್ರು. ಅವರ ಗಾದಿ ಗಡ್ಡಿ ಕಟ್ಟಿ ಕಲ್ಲಿನಂಗ ಆಗಿತ್ತು, ದಿನಾ ಸೊಂಟ ಹಿಡೀತು ಅಂತಿದ್ರು, ಬರೋದ್ರೊಳಗ ಹಿಂಜಿಸಿ ಇಟ್ರ ಖುಷಿ ಪಡ್ತಾರಂತ ಆಟೋದಾಗ ಹಾಕ್ಕೊಂಡು ಹೋಗಿ ಕೊಟ್ಟು ಬಂದೆ. ಮರುದಿನ ಸಂಜಿಗೆ ಬಸ್ ಇಳದು ಬಂದವರು ಮಂಚ ಖಾಲಿ ಇದ್ದದ್ದು ನೋಡಿ ಚಪ್ಪಲ್ ಸೈತ ಬಿಡದ ಅಲ್ಲೇ ಕುಂತುಬಿಟ್ರು. ಏನಾತ್ರಿ ಅತ್ತಿ ಅಂದ್ರ "ಗಾದಿ ಎಲ್ಲೈತಿ" ಅಷ್ಟ. ರಾತ್ರಿ ಊಟ ಇಲ್ಲ. ಅದರಾಗ ಏನಿತ್ತು ಹೇಳ್ರಿ ಅಂದ್ರ "ಏನಿಲ್ಲ ಬಿಡು" ಅನ್ನೋದು, ಮತ್ತ ಕಣ್ಣಾಗ ನೀರು ತರೋದು. ಅಂಗಡಿಗೆ ಫೋನ್ ಹಚ್ಚಿದ್ರ ಎತ್ತಂಗಿಲ್ಲ.

ಮುಂಜಾನೆ ಓಡಿದೆ. ಗಾದಿ ಆಗ್ಲೇ ಬಿಚ್ಚಿ ಅರಳಿ ಗುಡ್ಡಿ ಹಾಕಿದ್ರು, ಅದನ್ನ ನೋಡಿ ನನ್ನ ಎದಿ ಧಸಕ್ ಅಂತು. ಚಾಚಾ ಏನರ ಸಿಕ್ಕೈತೇನು ಅಂದೆ. "ಸಿಕ್ಕೈತಿ ಅಂತಾನೂ ಹೇಳಂಗಿಲ್ಲ, ಸಿಕ್ಕಿಲ್ಲ ಅಂತಾನೂ ಹೇಳಂಗಿಲ್ಲ. ಏನಿತ್ತು ಅಂತ ನೀನ ಮೊದಲ ಹೇಳವ್ವ" ಅಂದ. ನನಗೇನು ಗೊತ್ತು? "ಹಂಗಾದ್ರ ಇಟ್ಟವ್ರನ್ನ ಕರ್ಕೊಂಡು ಬಾ" ಅಂದವನ ಮಷೀನ್ ಕಡಿ ತಿರುಗಿದ. ಸಿಟ್ಟು ಬಂತು, ಗಾದಿ ತಂದು ಕೊಟ್ಟಾಕಿ ನಾನ, ರೊಕ್ಕ ಕೊಡಾಕಿನೂ ನಾನ.

ಅತ್ತಿನ ಕರ್ಕೊಂಡು ಬಂದೆ. ಅವರು ನನ್ನನ್ನ ಹೊರಗ ನಿಲ್ಲು ಅಂದ್ರು! ನಾನು ಎದುರಿನ ಹೋಟ್ಲಿನ್ಯಾಗ ವಗ್ಗಾಣಿ ಮಿರ್ಚಿ ತಗೊಂಡು ಕುಂತು ನೋಡಾಕ ಹತ್ತಿದೆ, ಅತ್ತಿ ಚಾಚಾನ ಕಿವಿ ಹತ್ರ ಬಗ್ಗಿ ಏನೋ ಅಂದ್ರು, ಮೂರು ಬೆರಳು ತೋರ್ಸಿದ್ರು, ಮತ್ತ ಸೆರಗಿನ ತುದಿ ಹಿಡದು ಗಂಟು ಹಾಕಿದಂಗ ಮಾಡಿ ತೋರ್ಸಿದ್ರು. ಚಾಚಾ ತಲಿ ಆಡ್ಸಿ ಒಳಗ ಹೋಗಿ ಹಾಲಿನ ಪುಡಿ ಡಬ್ಬಿ ತಂದ. ಅದರಾಗ ಹಸರು ಖಣದ ತುಂಡು, ಮೂರು ಗಂಟು, ಬಿಚ್ಚಿದ್ದ ಗುರ್ತೂ ಇಲ್ಲ. ಗಂಟಿನ್ಯಾಗ ಅವರ ತವರು ಮನಿ ಕಿವಿ ಬೆಂಡೋಲಿ ಒಂದು ಜೋಡಿ, ಮತ್ತ ನೋಟು.

ಆಮ್ಯಾಲೆ ನಾನ ಕೇಳಿದೆ, ಎಲ್ಲಾರ ಗಾದಿನೂ ಹಿಂಗ ತಡವಿ ನೋಡ್ತೀಯೇನು ಅಂತ. ಹೊಲಿಗಿ ಕತ್ತರಿಸಿ, ಅರಳಿ ಚಾದರದ ಮ್ಯಾಲೆ ಸುರುವಿ, ಕೋಲಿನಿಂದ ಬಡದು, ಹಿಡಿ ಹಿಡಿ ತಗೊಂಡು ಕೈಯಾಗ ಹಿಚುಕಿ ನೋಡಿ ಆಮ್ಯಾಲೆ ಮಷೀನಿಗೆ ಹಾಕ್ತಾನ. "ರೊಕ್ಕ ಹುಡುಕಾಕಲ್ಲವ್ವ, ಬೆಂಕಿಗೆ ಹೆದರಿ" ಅಂದ. ಮಷೀನ್ ರೋಲರಿಗೆ ಮೊಳಿ ಇರ್ತಾವ, ಒಂದು ಪಿನ್ನು ಸಿಕ್ಕು ಕಿಡಿ ಹಾರಿತಂದ್ರ ಅರಳಿ ಭಗ್ ಅಂತ ಹತ್ತಿಕೊಳ್ತೈತಿ. ಡಬ್ಬಿ ತಳಕ್ಕ ನೋಡಿದ್ರ ಪಿನ್ನ, ಹೇರ್‌ಪಿನ್, ಮುರದ ಕೀಲಿಕೈ, ನಾಲ್ಕಾಣಿ ಬಿಲ್ಲಿ, ಒಂದು ಕಾಲುಂಗ್ರ. ಕಾಲುಂಗ್ರ ಯಾರದು ಅಂದ್ರ ಇನ್ನೂ ಯಾರೂ ಕೇಳಿಲ್ಲ ಅಂದ.

ಈಗ ನೋಟಿನ ಕತಿ, ಹಿಂಗ ಸಿಕ್ಕವ್ರಿಗೆ ಉಪಯೋಗ ಆಗ್ಲಿ ಅಂತ ಬರೀತೀನಿ. ಗಂಟಿನ್ಯಾಗ ಏನಿತ್ತು ಅಂತ ನನಗ ಗೊತ್ತಾಗಿದ್ದ ನೋಟು ಬದ್ಲಿ ಮಾಡ್ಸೋ ಟೈಮಿಗೆ, ಆಗ ಸೊಸಿ ಬೇಕಾದ್ಲು. 2000ದ್ದು ಏಳು. ಬ್ಯಾಂಕಿನ್ಯಾಗ ಬದ್ಲಿ ಮಾಡೋದು 2023ರ ಅಕ್ಟೋಬರ್ 7ಕ್ಕ ಮುಗದೈತಿ, ಆದ್ರ ನೋಟೇನು ಸತ್ತಿಲ್ಲ, ರಿಸರ್ವ್ ಬ್ಯಾಂಕಿನ 19 ಆಫೀಸಿನ್ಯಾಗ ಒಂದು ಸಲಕ್ಕ 20,000 ತನಕ ಬದ್ಲಿ ಮಾಡಿ ಕೊಡ್ತಾರ, ನಮ್ಮ ರಾಜ್ಯದಾಗ ಬೆಂಗಳೂರು, ನಮಗ ಹತ್ರ ಹೈದ್ರಾಬಾದ್. ಹೋಗಾಕ ಆಗದಿದ್ರ ಪೋಸ್ಟಿನ್ಯಾಗ ಕಳ್ಸಿ ಅಕೌಂಟಿಗೆ ಹಾಕ್ಸಿಕೊಳ್ಳಾಕೂ ಬರ್ತೈತಿ. ನಮ್ಮ ಮನಿಯವ್ರು ಹೈದ್ರಾಬಾದಿಗೆ ಹೋದಾಗ ಮಾಡ್ಸಿಕೊಂಡು ಬಂದ್ರು. ಇಲಿ ಮೂಲಿ ಕಡದ 500ದ್ದು ಒಂದಿತ್ತು, ಒಂದು ಬ್ಯಾಂಕಿನ್ಯಾಗ ಇದು ನಡಿಯಂಗಿಲ್ರಿ ಅಂದ್ರು, ಸುಳ್ಳು, ಒಂದ ತುಂಡಿನ್ಯಾಗ 80 ಪರ್ಸೆಂಟಿಗಿಂತ ಜಾಸ್ತಿ ಉಳದಿದ್ರ ಪೂರ್ತಿ ರೊಕ್ಕ, 40ರಿಂದ 80 ಇದ್ರ ಅರ್ಧ, ಅದಕ್ಕೂ ಕಡಿಮಿ ಇದ್ರ ಮಾತ್ರ ಇಲ್ಲ. ಇನ್ನೊಂದು ಬ್ಯಾಂಕಿನ್ಯಾಗ ಸುಮ್ನ ಕೊಟ್ರು. ಹಳಿ 1000ದ್ದು ಎರಡಿದ್ವು, 2016ರ ನವೆಂಬರ್ 8ಕ್ಕ ಬಂದ್ ಆದವು, ಅವು ಹೋದ್ವು. ಅತ್ತಿಗೆ ಇದು ಹೇಳಿದ್ರ ನಂಬವಲ್ರು, ಗಾಂಧಿ ಅಜ್ಜನ ಫೋಟೋ ಐತಲ್ಲ ಅಂತಾರ. ಹತ್ತಕ್ಕಿಂತ ಜಾಸ್ತಿ ಹಳಿ ನೋಟು ಇಟ್ಕೊಂಡ್ರ ದಂಡ ಐತಿ, ಎರಡಕ್ಕ ಏನಿಲ್ಲ, ದೇವರ ಮನ್ಯಾಗ ಇಟ್ಟಾರ.

ಒಂದು ಸ್ಟಾರ್ ಯಾಕ ಕಟ್ ಅಂದ್ರ, ಎರಡು ದಿನ ಅಂದವ್ರು ಐದು ದಿನ ಮಾಡಿದ್ರು, ಅಷ್ಟೂ ದಿನ ಅತ್ತಿ ನನ್ನ ಹಾಸಿಗ್ಯಾಗ ನಾನು ಚಾಪ್ಯಾಗ. ಫೋನ್ ಎತ್ತೋದ ಇಲ್ಲ. ಗವಸಿನ ಬಣ್ಣ ಮೊದಲ ಸಲ ಒಗದಾಗ ಬಿಟ್ಟು ನನ್ನ ಬಿಳಿ ಬೆಡ್‌ಶೀಟ್ ಗುಲಾಬಿ ಆತು. ಒಂಬತ್ತು ಕಿಲೋ ಕೊಟ್ಟದ್ದು ಎಂಟೂಕಾಲು ಆಗಿ ಬಂತು, ಕೇಳಿದ್ರ ಹೊರಗಿನ ಧೂಳು ಗುಡ್ಡಿ ತೋರ್ಸಿದ, ಅದಕ್ಕ ಸುಮ್ನಾದೆ. ಕೆಲಸ ಮಾತ್ರ ಚೊಲೋ, ದಬ್ಬಣದಾಗ ಹಾಕಿದ ಹೊಲಿಗಿ ಒಂದೂ ಬಿಟ್ಟಿಲ್ಲ, ಗಾದಿ ಹೂವಿನಂಗ ಆಗೈತಿ.

ತಲೆದಿಂಬೂ ಹಿಂಜಿಸೋದೈತಿ, ಅವೂ ಗಟ್ಟಿ ಆಗ್ಯಾವ, ಆದ್ರ ಅತ್ತಿ ಈಗ ಅವನ್ನ ಮುಟ್ಟಾಕ ಕೊಡವಲ್ರು.