500 ಎಂಎಲ್ ಕ್ಲೋರೋಫಾರ್ಮ್: ಲ್ಯಾಬಿಗೆ ಸೈ, ಕಿಡ್ನ್ಯಾಪಿಗೆ ದಂಡ

ನಾಲ್ಕು ವರ್ಷದಿಂದ ಇದನ್ನೇ ತರಿಸುತ್ತಿದ್ದೇನೆ. ಡಿಎನ್‌ಎ ತೆಗೆಯುವ ಕೆಲಸ ನಮ್ಮದು. ಮನೆಗೆ ಬಂದ ನೆಂಟರದ್ದು ಮಾತ್ರ ಒಂದೇ ಪ್ರಶ್ನೆ: "ಅದನ್ನ ಮೂಸಿದ್ರೆ ದಬಕ್ ಅಂತ ಬಿದ್ದೋಗ್ತಾರಂತಲ್ಲ, ನಿಂಗೇನೂ ಆಗಲ್ವಾ?" ಹಾಗಾಗಿ ರಿವ್ಯೂ ಸ್ವಲ್ಪ ಉದ್ದ ಆಯಿತು, ಬೇಜಾರು ಮಾಡ್ಕೋಬೇಡಿ.

ಮೊದಲು ಮಾಲಿನ ವಿಷಯ. ಕಂದು ಗಾಜಿನ ಬಾಟಲಿ. ಬೆಳಕು, ಗಾಳಿ ತಾಗಿದರೆ ಇದರಿಂದ ಫಾಸ್ಜೀನ್ ಅನ್ನುವ ವಿಷ ಅನಿಲ ಹುಟ್ಟುತ್ತದೆ, ಅದನ್ನು ತಡೆಯಲು ಒಂಚೂರು ಎಥನಾಲ್ ಬೆರೆಸಿದ್ದಾರೆ. ನೀರಿನ ಒಂದೂವರೆ ಪಟ್ಟು ತೂಕ, ಎತ್ತಿದರೇ ಗೊತ್ತಾಗುತ್ತದೆ. ಸ್ಯಾಂಪಲ್ ಜೊತೆ ಅಲ್ಲಾಡಿಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಇದು ತಳಕ್ಕೆ ಕೂರುತ್ತದೆ, ಮೇಲೆ ತಿಳಿನೀರು, ನಡುವೆ ಹಾಲಿನ ಕೆನೆಯಂಥ ಬಿಳಿ ಪ್ರೋಟೀನ್. ನಮಗೆ ಬೇಕಾದ ಡಿಎನ್‌ಎ ಆ ತಿಳಿನೀರಲ್ಲಿ. ಈ ಕೆಲಸಕ್ಕೆ 5ಕ್ಕೆ 5.

ಪ್ಯಾಕಿಂಗ್‌ಗೆ ಮಾತ್ರ ಒಂದು ಸ್ಟಾರ್ ಕಟ್. ಕಳೆದ ಸಲ ಮುಚ್ಚಳ ಸಡಿಲ ಇತ್ತು. ಡಬ್ಬ ಬಿಚ್ಚಿದರೆ ಸಿಹಿ ವಾಸನೆ ಗಮ್ ಅಂತ ಮುಖಕ್ಕೆ ಬಡಿಯಿತು, ಥರ್ಮಾಕೋಲ್ ಕರಗಿ ಗುಳಿ ಬಿದ್ದಿತ್ತು, ಬಾಟಲಿಯಲ್ಲಿ ಎರಡು ಬೆರಳು ಕಮ್ಮಿ. ಸಪ್ಲೈಯರ್‌ಗೆ ಫೋನ್ ಮಾಡಿದರೆ "ಆವಿ ಆಗಿರುತ್ತೆ ಮೇಡಂ" ಅಂದ. ಆವಿ ಆಗದಿರಲಿ ಅಂತಲೇ ಅಲ್ವಾ ಮುಚ್ಚಳ ಇರೋದು? ಅಂದಹಾಗೆ ಅವತ್ತು ಲ್ಯಾಬಲ್ಲಿ ಯಾರೂ ಬೀಳಲಿಲ್ಲ. ನನಗೆ ಸಂಜೆಯವರೆಗೆ ತಲೆನೋವು, ಅಷ್ಟೇ.

ಸಿನಿಮಾದಲ್ಲಿ ವಿಲನ್ ಹಿಂದಿನಿಂದ ಬಂದು ಕರ್ಚೀಫ್ ಒತ್ತುತ್ತಾನೆ, ಮೂರು ಸೆಕೆಂಡಿಗೆ ನಾಯಕಿ ಅವನ ತೋಳಲ್ಲಿ. ನಿಜವಾಗಿ ಕರ್ಚೀಫಿನಿಂದಲೇ ಕ್ಲೋರೋಫಾರ್ಮ್ ತಗೊಂಡವರಲ್ಲಿ ವಿಕ್ಟೋರಿಯಾ ರಾಣಿ ಒಬ್ಬಳು. 1853ರ ಏಪ್ರಿಲ್ 7, ಮಗ ಲಿಯೋಪೋಲ್ಡ್ ಹುಟ್ಟುವಾಗ, ಜಾನ್ ಸ್ನೋ ಎಂಬ ವೈದ್ಯ ಸಲಕ್ಕೆ ಒಂದು ಎಂಎಲ್‌ಗೂ ತುಸು ಕಮ್ಮಿಯಂತೆ ಕರ್ಚೀಫಿಗೆ ಹಾಕುತ್ತಾ 53 ನಿಮಿಷ ಕೊಟ್ಟ. ನೋವು ತಗ್ಗಿತು, ರಾಣಿಗೆ ಪೂರ್ತಿ ಎಚ್ಚರ ತಪ್ಪಲೇ ಇಲ್ಲ! ಕಳ್ಳರು ಕ್ಲೋರೋಫಾರ್ಮ್ ಮೂಸಿಸಿ ದೋಚುತ್ತಾರೆ ಅನ್ನುವ ಗುಲ್ಲು ಆ ಕಾಲದಲ್ಲೂ ಇತ್ತು, ಅದೆಲ್ಲ ಆಗದ ಮಾತು ಅಂತ ವಾದಿಸಿದವನೂ ಇದೇ ಸ್ನೋ. ಪೂರ್ತಿ ಮಂಪರು ಹತ್ತಲು ಕೆಲವು ನಿಮಿಷ ಬಿಡದೆ ಉಸಿರಾಡಬೇಕು, ಅಷ್ಟರಲ್ಲಿ ಮನುಷ್ಯ ಒದ್ದಾಡುತ್ತಾನೆ, ಕಿರುಚುತ್ತಾನೆ. ಬಿದ್ದ ಮೇಲೂ ಕೊಡುತ್ತಲೇ ಇರಬೇಕು, ನಾಲಗೆ ಹಿಂದೆ ಜಾರದಂತೆ ದವಡೆ ಎತ್ತಿ ಹಿಡಿಯಬೇಕು. ಇಷ್ಟೆಲ್ಲ ತಾಳ್ಮೆ ಇದ್ದರೆ ಆ ವಿಲನ್ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಬಹುದಿತ್ತು. 1846ರಲ್ಲಿ ಬಾಸ್ಟನ್‌ನಲ್ಲಿ ಹೆಸರು ಮಾಡಿದ ಇನ್ನೊಂದು ಮಂಪರು ಔಷಧ ಈಥರ್ ಅಂತೂ ಇನ್ನೂ ನಿಧಾನ, ಕೆಮ್ಮು ಬೇರೆ, ಜೊತೆಗೆ ಬೆಂಕಿ ತಾಗಿದರೆ ಭಗ್ ಅನ್ನುತ್ತದೆ.

ಸಿನಿಮಾದವರು ತೋರಿಸದ ಇನ್ನೊಂದು ಮುಖವೂ ಇದೆ. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲುಗುರು ತೆಗೆಯಲು ಬಟ್ಟೆಯ ಮೇಲೆ ಒಂದು ಟೀ ಚಮಚ ಕ್ಲೋರೋಫಾರ್ಮ್ ಹಾಕಿ ಮೂಸಿಸಿದರು. ಕೆಲವೇ ನಿಮಿಷದಲ್ಲಿ ಸತ್ತಳು. ಹಾಗಾದರೆ ಕೊಲ್ಲುವುದು ಯಾವುದು, ಉಸಿರು ನಿಲ್ಲುವುದೋ ಹೃದಯ ನಿಲ್ಲುವುದೋ? ಜಗಳ ನಮ್ಮ ಪಕ್ಕದ ಹೈದರಾಬಾದಿಗೂ ಬಂತು. ರಾಯಚೂರು, ಕಲಬುರಗಿ ಆಗ ನಿಜಾಮರ ಕೈಯಲ್ಲಿದ್ದವು. ಅದೇ ನಿಜಾಮರ ದುಡ್ಡಲ್ಲಿ 1888, 1889ರಲ್ಲಿ ಎರಡು ಆಯೋಗ ಕೂತು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ, ಉಸಿರು ನೋಡಿಕೊಳ್ಳಿ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಅಂದುಬಿಟ್ಟವು. ತಪ್ಪು! 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ ಬೆಕ್ಕುಗಳ ಮೇಲೆ ತೋರಿಸಿದ: ಅರೆಬರೆ ಕ್ಲೋರೋಫಾರ್ಮ್ ಜೊತೆ ಅಡ್ರಿನಲಿನ್ ಸೇರಿದರೆ ಹೃದಯ ತಾಳ ತಪ್ಪಿ ನಿಂತೇಹೋಗುತ್ತದೆ. ಅಡ್ರಿನಲಿನ್ ಏರುವುದು ಹೆದರಿದಾಗ. ಅಂದರೆ ಕರ್ಚೀಫ್ ಒತ್ತಿಸಿಕೊಂಡು ಒದ್ದಾಡುವ ನಾಯಕಿಗೆ ನಿದ್ದೆ ಬರುವ ಮೊದಲೇ ಪ್ರಾಣ ಹೋಗಬಹುದು.

ಲ್ಯಾಬಿಗೆ ತಗೊಳ್ಳುವವರು ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು) ಒಳಗೇ ತೆರೆಯಿರಿ. ನೈಟ್ರೈಲ್ ಗ್ಲೌಸ್ ನಂಬಬೇಡಿ, ಕ್ಲೋರೋಫಾರ್ಮ್ ಅದರೊಳಗೆ ಬೇಗ ಇಳಿಯುತ್ತದೆ, ಚೆಲ್ಲಿದರೆ ತಕ್ಷಣ ಬದಲಾಯಿಸಿ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಅದಕ್ಕೆ ಬೇರೆ ಕ್ಯಾನ್ ಇಡಿ. ಬಂದ ತಕ್ಷಣ ಮುಚ್ಚಳ ತಿರುಗಿಸಿ ನೋಡಿ.