ಫೈಟರ್‌ಗೆ ಕೊನೆಗೂ ಮೈತುಂಬ ಕೆಲಸ: 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್

ನಮ್ಮ ಟೇಬಲ್‌ನಲ್ಲಿ ಫೈಟರ್, ಅಂದರೆ ಆಯುಧ ಹಿಡಿದು ಹೋರಾಡುವ ಯೋಧನ ಪಾತ್ರ, ಆಡುವ ಗೆಳೆಯನಿಗೋಸ್ಕರವೇ ಈ ನಿಯಮಗಳ ಪುಸ್ತಕ ಕೊಂಡೆ. ಡಂಜನ್ಸ್ ಅಂಡ್ ಡ್ರಾಗನ್ಸ್ (ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸಿ ಆಡುವ ಕಥೆಯಾಟ) ಆಡುವವರಿಗೆ ಅವನ ಕಷ್ಟ ಗೊತ್ತಿರುತ್ತದೆ. 2014ರ ನಿಯಮದಲ್ಲಿ ಅವನ ಸರದಿ ಬಂದರೆ ಡೈಸ್ ಉರುಳಿಸು, ಡ್ಯಾಮೇಜ್ ಎಣಿಸು, ಮುಗೀತು. ಪಕ್ಕದಲ್ಲಿ ಕೂತ ವಿಜರ್ಡ್, ಅಂದರೆ ಮಂತ್ರವಾದಿ, ಹಾರುತ್ತಾಳೆ, ಮಾಯವಾಗುತ್ತಾಳೆ, ಒಂದೇ ಫೈರ್‌ಬಾಲ್‌ನಲ್ಲಿ ಕೋಣೆ ಖಾಲಿ ಮಾಡುತ್ತಾಳೆ. ಈ ಅಂತರವನ್ನು ಹೊಸ ಪುಸ್ತಕ ಕಡಿಮೆ ಮಾಡಿದೆಯಾ? ನನಗೆ ಬೇಕಿದ್ದದ್ದು ಇಷ್ಟೇ.

ಕಾಳಗದ ಮಟ್ಟಿಗೆ ಹೌದು, ಚೆನ್ನಾಗಿಯೇ ಮಾಡಿದೆ. ವೆಪನ್ ಮಾಸ್ಟರಿ ಅಂತ ಹೊಸದೊಂದು ಬಂದಿದೆ. ಒಂದೊಂದು ಆಯುಧಕ್ಕೆ ಒಂದೊಂದು ಪಟ್ಟು. ಗ್ರೇಟ್‌ಸೋರ್ಡ್ ಏಟು ತಪ್ಪಿದರೂ ಸ್ವಲ್ಪ ಗಾಯ ಮಾಡುತ್ತದೆ. ವಾರ್‌ಹ್ಯಾಮರ್ ಎದುರಾಳಿಯನ್ನು 10 ಅಡಿ ಹಿಂದಕ್ಕೆ ತಳ್ಳುತ್ತದೆ. ಫೈಟರ್‌ಗೆ ಮೊದಲ ಲೆವೆಲ್‌ನಲ್ಲೇ ಇಂಥ 3 ಆಯುಧಗಳ ಪಟ್ಟು ಸಿಗುತ್ತದೆ.

ನಮ್ಮವನು ಮಾಲ್ ಹಿಡಿದ, ಅಂದರೆ ಎರಡೂ ಕೈಯಲ್ಲಿ ಎತ್ತುವ ದೊಡ್ಡ ಸುತ್ತಿಗೆ. ಅದರ ಪಟ್ಟು ಟಾಪಲ್. ಏಟು ಬಿದ್ದವನು ಸೇವ್ ಮಾಡದಿದ್ದರೆ, ಅಂದರೆ 20 ಮುಖದ ಡೈಸ್ ಉರುಳಿಸಿ ತಪ್ಪಿಸಿಕೊಳ್ಳದಿದ್ದರೆ, ನೆಲಕ್ಕೆ ಬೀಳುತ್ತಾನೆ. 5ನೇ ಲೆವೆಲ್, ಸ್ಟ್ರೆಂತ್ 18 ಅಂದರೆ ಡಿಸಿ (ಸೇವ್‌ಗೆ ಮುಟ್ಟಬೇಕಾದ ಅಂಕ) 15. ಎದುರಿಗಿದ್ದ ಓಗರ್ ಅನ್ನುವ ದೈತ್ಯನ ಡೈಸ್‌ಗೆ ಸೇರುವುದು +3, ಹಾಗಾಗಿ 12ಕ್ಕಿಂತ ಕಡಿಮೆ ಉರುಳಿದರೆ ಬಿದ್ದ ಹಾಗೆ. ಬಿದ್ದ ಓಗರ್ ಮೇಲೆ ಎರಡನೇ ಏಟಿಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು), ಪಕ್ಕದಲ್ಲಿ ನಿಂತ ರೋಗ್‌ಗೂ, ಅಂದರೆ ಕಳ್ಳನ ಥರದ ಪಾತ್ರಕ್ಕೂ, ಅಡ್ವಾಂಟೇಜ್. ಆದರೆ ದೂರದಿಂದ ಬಾಣ ಬಿಡುವ ರೇಂಜರ್‌ಗೆ ಡಿಸ್‌ಅಡ್ವಾಂಟೇಜ್, ಎರಡರಲ್ಲಿ ಚಿಕ್ಕದೇ ಲೆಕ್ಕ! "ತಡಿ ಮಾರಾಯ, ನಾನು ಬಾಣ ಬಿಟ್ಟ ಮೇಲೆ ಬೀಳಿಸು" ಅಂತ ಟೇಬಲ್‌ನಲ್ಲಿ ಜಗಳವೇ ಆಯಿತು. ನನಗೆ ಅದೇ ಖುಷಿ. ಫೈಟರ್ ಏನು ಮಾಡುತ್ತಾನೆ ಅಂತ ಉಳಿದವರು ಕಾದು ಕೂತಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಬರಿಗೈಯಲ್ಲೇ ಹೋರಾಡುವ ಮಾಂಕ್ ಕೂಡ ಗಟ್ಟಿಯಾಗಿದ್ದಾನೆ. ಧರ್ಮಯೋಧ ಪ್ಯಾಲಡಿನ್‌ನ ಡಿವೈನ್ ಸ್ಮೈಟ್ (ಏಟಿಗೆ ದೈವಬಲ ಸೇರಿಸುವುದು) ಈಗ ಬೋನಸ್ ಆಕ್ಷನ್, ಅಂದರೆ ಮುಖ್ಯ ಕೆಲಸದ ಜೊತೆ ಸಿಗುವ ಚಿಕ್ಕ ಕೆಲಸ, ಸರದಿಗೆ ಒಂದೇ ಸಲ. ಪ್ಯಾಲಡಿನ್ ಆಡುವವರಿಗೆ ಬೇಜಾರಾಗಬಹುದು. ಆದರೂ ಅದು ಸರಿ. ಒಬ್ಬನೇ ಬಾಸ್‌ನನ್ನು ಒಂದೇ ಸರದಿಯಲ್ಲಿ ಮುಗಿಸಿಬಿಟ್ಟರೆ ಉಳಿದವರು ಆಡುವುದೇನು?

ಕಾಳಗದ ಹೊರಗೆ ಮಾತ್ರ ಅಂತರ ಹಾಗೇ ಇದೆ. ಫೈಟರ್‌ಗೆ ಟ್ಯಾಕ್ಟಿಕಲ್ ಮೈಂಡ್ ಕೊಟ್ಟಿದ್ದಾರೆ: ಸೋತ ಚೆಕ್‌ಗೆ (ಬಾಗಿಲು ಒಡೆಯುವಂಥ ಕೆಲಸಕ್ಕೆ ಉರುಳಿಸಿದ ಡೈಸ್‌ಗೆ) ಸೆಕೆಂಡ್ ವಿಂಡ್ (ಗಾಯ ಮಾಯಿಸಿಕೊಳ್ಳುವ ಶಕ್ತಿ) ಖರ್ಚು ಮಾಡಿ ಇನ್ನೊಂದು ಡಿ10, ಅಂದರೆ 10 ಮುಖದ ಡೈಸ್, ಸೇರಿಸಬಹುದು. ಒಳ್ಳೆಯದೇ. ಆದರೆ 9ನೇ ಲೆವೆಲ್‌ಗೆ ವಿಜರ್ಡ್ ಟೆಲಿಪೋರ್ಟೇಶನ್ ಸರ್ಕಲ್ ಬರೆದು ದೂರದ ಊರಿಗೆ ಹೋಗಿಬಿಡುತ್ತಾಳೆ, 17ಕ್ಕೆ ಕೇಳಿದ್ದನ್ನು ನಿಜ ಮಾಡುವ ವಿಶ್ ಮಂತ್ರ ಕೈಗೆ ಬರುತ್ತದೆ. ಟಾಪಲ್ 1ನೇ ಲೆವೆಲ್‌ನಲ್ಲಿ ಮಾಡುತ್ತಿದ್ದದ್ದನ್ನೇ 17ರಲ್ಲೂ ಮಾಡುತ್ತದೆ.

ಇನ್ನೊಂದು ಮಾತು ಡಿಎಂಗಳಿಗೆ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್‌ಗಳಿಗೆ. ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಸುಮ್ನೆ ಕೊಡಬೇಡಿ. ವಿಜರ್ಡ್‌ನ ಸ್ಪೆಲ್ ಸ್ಲಾಟ್‌ಗಳು, ಅಂದರೆ ಮಂತ್ರ ಹಾಕಲು ಇರುವ ಸರಕು, ಪೂರ್ತಿ ವಾಪಸ್ ಬರುವುದು ಆಗಲೇ. ಫೈಟರ್‌ನ ಆಕ್ಷನ್ ಸರ್ಜ್ (ಒಂದೇ ಸರದಿಯಲ್ಲಿ ಇನ್ನೊಂದು ಆಕ್ಷನ್) ಸ್ವಲ್ಪ ಹೊತ್ತಿನ ಶಾರ್ಟ್ ರೆಸ್ಟ್‌ಗೂ ಬರುತ್ತದೆ. ಆಟದೊಳಗಿನ ದಿನಕ್ಕೊಂದೇ ಕಾಳಗ ಇಟ್ಟರೆ ವಿಜರ್ಡ್ ಎಲ್ಲವನ್ನೂ ಅಲ್ಲೇ ಸುರಿಯುತ್ತಾಳೆ, ಆಮೇಲೆ ಯಾವ ಪುಸ್ತಕ ಬಂದರೂ ಸಮ ಆಗಲ್ಲ. 2014ರ ಡಂಜನ್ ಮಾಸ್ಟರ್ಸ್ ಗೈಡ್ ದಿನಕ್ಕೆ 6ರಿಂದ 8 ಎನ್‌ಕೌಂಟರ್ ಅಂದಿತ್ತು. ಅಷ್ಟು ನನಗೂ ಜಾಸ್ತಿ. ನಾಲ್ಕು ಇಟ್ಟರೂ ವ್ಯತ್ಯಾಸ ಕಾಣುತ್ತದೆ.

384 ಪುಟ, 12 ಕ್ಲಾಸ್ (ಫೈಟರ್, ವಿಜರ್ಡ್ ಥರದ ಪಾತ್ರಗಳು), 48 ಸಬ್‌ಕ್ಲಾಸ್ (ಅವುಗಳ ಕವಲುಗಳು). ನಿಮ್ಮ ಆಟ 10ನೇ ಲೆವೆಲ್ ಒಳಗೇ ಮುಗಿಯುವುದಾದರೆ ಧೈರ್ಯವಾಗಿ ಕೊಳ್ಳಿ, ಕತ್ತಿ ಹಿಡಿಯುವವರು ಖುಷಿಯಾಗಿರುತ್ತಾರೆ. ಅದಕ್ಕೂ ಮೇಲೆ ಆಡುವವರು ಫೈಟರ್‌ಗೆ ಬೇರೆ ಥರದ ಬಲ ಹುಡುಕಿಕೊಡಬೇಕು. 1978ರ ಹ್ಯಾಂಡ್‌ಬುಕ್‌ನಲ್ಲಿ 9ನೇ ಲೆವೆಲ್ ಫೈಟರ್ ಕೋಟೆ ಕಟ್ಟಿಕೊಂಡರೆ ಸೈನಿಕರು ತಾವಾಗಿಯೇ ಬಂದು ಸೇರುತ್ತಿದ್ದರು. ನಾನು ಅದನ್ನೇ ನಮ್ಮ ಆಟಕ್ಕೆ ತರುತ್ತಿದ್ದೇನೆ.